ಅಕ್ಕಿ ಹಸನು ಮಾಡುವ ಜಾಗ

ವಿಶ್ವ ಛಾಯಾಗ್ರಹಣ ದಿನದಂದು ಕೊಪ್ಪಳದಲ್ಲಿ ವೃತ್ತಿನಿರತ ಛಾಯಾಗ್ರಾಹಕರ ಎದುರು ನೀಡಿದ ಉಪನ್ಯಾಸದ ಬರಹ ರೂಪ

ನಮ್ಮ ಕಡೆಯ ಮನೆಗಳಲ್ಲಿ ಅಕ್ಕಿ ಹಸನು ಮಾಡುವ ಹೆಂಗಸು ಮೊರ ಹಿಡಿದು ಎಲ್ಲಿ ಕೂರುತ್ತಾಳೆ ಎಂಬುದನ್ನು ನೀವೆಲ್ಲ ನೋಡಿದ್ದೀರಿ, ಆದರೆ ಛಾಯಾಗ್ರಾಹಕರ ಕಣ್ಣಿನಿಂದ ನೋಡಿರಲಿಕ್ಕಿಲ್ಲ. ಆಕೆ ಅಂಗಳದ ಬಿಸಿಲಿನಲ್ಲಿ ಕೂರುವುದಿಲ್ಲ, ಏಕೆಂದರೆ ಅಲ್ಲಿ ಅಕ್ಕಿಯ ಬಿಳುಪು ಕಣ್ಣಿಗೆ ಹೊಡೆದು ಹರಳು ಕಾಣದೇ ಹೋಗುತ್ತದೆ. ಅಡುಗೆಮನೆಯಲ್ಲಿಯೂ ಕೂರುವುದಿಲ್ಲ, ಅಲ್ಲಿ ಬೆಳಕು ಸಾಲದು. ತಲೆಬಾಗಿಲಿನ ಹತ್ತಿರ, ಸೂರಿನ ನೆರಳು ಮುಗಿಯುವ ಗೆರೆಯಿಂದ ಒಂದೆರಡು ಹೆಜ್ಜೆ ಒಳಗೆ, ಅಂಗಳದ ಕಡೆಗೆ ಮುಖ ಮಾಡಿ ಕೂರುತ್ತಾಳೆ. ಪ್ರತಿಯೊಂದು ಕಾಳೂ ತನ್ನ ದುಂಡನ್ನು ತೋರಿಸಬೇಕು, ಅದರ ನೆರಳು ಪಕ್ಕದ ಕಾಳನ್ನು ಮುಚ್ಚಬಾರದು. ಅಂಥ ಬೆಳಕು ಮನೆಯಲ್ಲಿ ಎಲ್ಲಿದೆ ಎಂದು ಆಕೆಗೆ ಯಾರೂ ಕಲಿಸಿಕೊಟ್ಟದ್ದಲ್ಲ. ಮುಖಕ್ಕೆ ಬೇಕಾದದ್ದೂ ಅದೇ ಬೆಳಕು. ಇವತ್ತು ನಾನು ಹೇಳಲು ಬಂದಿರುವುದು ಒಂದೇ ಮಾತು: ಹೊರಾಂಗಣದಲ್ಲಿ ಭಾವಚಿತ್ರ ತೆಗೆಯುವಾಗ ಮುಖವನ್ನು ಬಿಸಿಲಿನಲ್ಲಿ ನಿಲ್ಲಿಸಬೇಡಿ, ಬಿಸಿಲು ಬಿದ್ದ ಜಾಗಕ್ಕೆ ಎದುರಾಗಿ ನಿಲ್ಲಿಸಿ.

ಇದನ್ನು ನಾನು ಕಲಿತದ್ದು ಒಂದು ಸೋಲಿನಿಂದ. ಅವು ರೀಲಿನ ಕ್ಯಾಮೆರಾದ ಕೊನೆಯ ದಿನಗಳು. ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಏಪ್ರಿಲ್ ತಿಂಗಳ ಮದುವೆ. ಅಕ್ಕಿಕಾಳು ಬಿದ್ದಾಗ ಮಧ್ಯಾಹ್ನ 12 ದಾಟಿತ್ತು. ಬೀಗರು ಊಟಕ್ಕೆ ಅವಸರ ಮಾಡುತ್ತಿದ್ದುದರಿಂದ ಎರಡೂ ಮನೆಯವರನ್ನು ಗುಡಿಯ ಮುಂದಿನ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಮೂರು ಫ್ರೇಮು ತೆಗೆದು, ನಾನೂ ಪಂಕ್ತಿಗೆ ಕುಳಿತೆ. ಅದೇ ವರ್ಷ ಮದುಮಗಳ ಅಜ್ಜಿ ತೀರಿಕೊಂಡರು. ಗೋಡೆಗೆ ಹಾಕಲು ಅವರದೊಂದು ಚಿತ್ರ ಬೇಕೆಂದು ಮನೆಯವರು ಬಂದಾಗ ನೆಗೆಟಿವ್ ತೆಗೆದು ನೋಡಿದರೆ, ಮೂರೂ ಫ್ರೇಮಿನಲ್ಲಿ ಅಜ್ಜಿಯ ಹುಬ್ಬಿನ ಕೆಳಗೆ ಎರಡು ಕಪ್ಪು ಕುಳಿಗಳು, ಮೇಲ್ದುಟಿಯ ಮೇಲೆ ಮೀಸೆಯಂತೆ ಬಿದ್ದ ಮೂಗಿನ ನೆರಳು, ಸುಟ್ಟು ಬೆಳ್ಳಗಾದ ತಲೆಯ ಸೆರಗು. ನೆಗೆಟಿವ್‌ನಲ್ಲಿ ದಾಖಲಾಗದ ಕಣ್ಣನ್ನು ಪ್ರಿಂಟಿನಲ್ಲಿ ಮೂಡಿಸುವುದು ಯಾರಿಂದಲೂ ಆಗದ ಕೆಲಸ. ಅವರ ಮಗ ಸಿಟ್ಟಾಗಲಿಲ್ಲ. “ಅವ್ವನ ಕಣ್ಣ ಕಾಣವಲ್ಲವಲ್ರೀ” ಎಂದಷ್ಟೇ ಹೇಳಿ ಎದ್ದುಹೋದರು. ನಾನು ಅವರನ್ನು ನಿಲ್ಲಿಸಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆಯ ಅಂತರದಲ್ಲಿ ಆ ಗುಡಿಯ ಕಲ್ಲಿನ ಪೌಳಿ ಇತ್ತು. ಅದರ ನೆರಳಿನಲ್ಲಿ ಎರಡೂ ಕಡೆಯ ಬೀಗರು ಆರಾಮಾಗಿ ನಿಲ್ಲಬಹುದಾಗಿತ್ತು.

ಹಾಗಾದರೆ ಮೊದಲು ಸೂರ್ಯನ ಲೆಕ್ಕವನ್ನು ಮುಗಿಸಿಬಿಡೋಣ. ಕೊಪ್ಪಳ ಇರುವುದು ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ವರ್ಷಕ್ಕೆ ಎರಡು ಸಲ, ಮೇ ತಿಂಗಳ ಆರಂಭದಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದಲ್ಲಿ, ಸೂರ್ಯ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅದು ಗಡಿಯಾರದ 12 ಗಂಟೆಗೆ ಆಗುವುದಲ್ಲ ಎಂಬುದನ್ನೂ ಗಮನಿಸಿ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ನಾವು ಅದಕ್ಕಿಂತ ಆರು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದ್ದೇವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನಿಜವಾದ ನಡುಹಗಲು ಸರಾಸರಿ 12.25ರ ಸುಮಾರಿಗೆ ಬರುತ್ತದೆ. ಇವತ್ತು, ಆಗಸ್ಟ್ 19ರಂದು, 12.30ರ ಆಸುಪಾಸು. ಮದುವೆಯ ಗುಂಪುಚಿತ್ರ ತೆಗೆಯುವ ಹೊತ್ತೂ ಸಾಮಾನ್ಯವಾಗಿ ಅದೇ ಎಂಬುದು ನಮ್ಮ ಹಣೆಬರಹ.

ಈ ಲೆಕ್ಕಕ್ಕೆ ಮೊಬೈಲಿನ ಆ್ಯಪ್ ಬೇಕಿಲ್ಲ, ನಿಮ್ಮ ನೆರಳನ್ನೇ ನೋಡಿಕೊಳ್ಳಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡದಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಮುಖದ ಮೇಲೆ ನೇರ ಬಿಸಿಲು ಬೀಳುವಂತೆ ನಿಲ್ಲಿಸಿದರೆ ಕಣ್ಣು ಕುಳಿಯಾಗುವುದು ಖಚಿತ. ಇವತ್ತಿನ ದಿನ ಬೆಳಗ್ಗೆ ಸುಮಾರು 9.30ರಿಂದ ಮಧ್ಯಾಹ್ನ 3.30ರವರೆಗೆ ಇದೇ ಸ್ಥಿತಿ. ಡಿಸೆಂಬರ್ ಕೊನೆಯಲ್ಲಾದರೆ ಈ ಅವಧಿ ಸುಮಾರು 11ರಿಂದ 2ರವರೆಗೆ ಕುಗ್ಗುತ್ತದೆ, ನಡುಹಗಲಿನಲ್ಲಿಯೂ ಸೂರ್ಯ 51 ಡಿಗ್ರಿ ದಾಟುವುದಿಲ್ಲ. ಕಾರ್ತಿಕದ ಮದುವೆಯ ಚಿತ್ರಗಳು ವೈಶಾಖದ ಮದುವೆಯ ಚಿತ್ರಗಳಿಗಿಂತ ಚೆನ್ನಾಗಿ ಬರುತ್ತವೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದರ ಗುಟ್ಟು ಇಷ್ಟೇ.

‘ಗೋಲ್ಡನ್ ಅವರ್’ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ, ಮುಳುಗುವ ಮುನ್ನಿನ ಒಂದು ಗಂಟೆ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಆದರೆ ಆ ಗಂಟೆಯನ್ನು ಅಳೆದವರು ಇದ್ದದ್ದು ನಮ್ಮ ಅಕ್ಷಾಂಶದಲ್ಲಲ್ಲ. ಲಂಡನ್ನಿನಲ್ಲಿ ಸೂರ್ಯ ಓರೆಯಾಗಿ, ನಿಧಾನವಾಗಿ ಇಳಿಯುತ್ತಾನೆ. ಡಿಸೆಂಬರಿನಲ್ಲಂತೂ ಅಲ್ಲಿ ನಡುಹಗಲಿನ ಸೂರ್ಯನೂ 15 ಡಿಗ್ರಿಯ ಎತ್ತರದಲ್ಲೇ ಇರುತ್ತಾನೆ, ಅಂದರೆ ಇಡೀ ದಿನ ಅವರಿಗೆ ಸಂಜೆಯ ಬೆಳಕು. ನಮ್ಮಲ್ಲಿ ಸೂರ್ಯ ಬಾವಿಗೆ ಬಿಟ್ಟ ಕೊಡದಂತೆ ನೆಟ್ಟಗೆ ಇಳಿದುಬಿಡುತ್ತಾನೆ. ಕೊನೆಯ ಆರು ಡಿಗ್ರಿ ಇಳಿಯಲು ಲಂಡನ್ನಿನ ಜೂನ್ ಸಂಜೆಗೆ ಮುಕ್ಕಾಲು ಗಂಟೆ ಬೇಕಾದರೆ ಕೊಪ್ಪಳದಲ್ಲಿ ಅರ್ಧ ಗಂಟೆಯೂ ಬೇಕಿಲ್ಲ. ಆನೆಗೊಂದಿಯ ಕಡೆಗೆ ಹೋದರೆ ಅದರಲ್ಲೂ ಖೋತಾ, ಏಕೆಂದರೆ ದಿಗಂತಕ್ಕೆ ಮುಂಚೆಯೇ ಬಂಡೆಗುಡ್ಡಗಳು ಸೂರ್ಯನನ್ನು ನುಂಗುತ್ತವೆ. ಪಂಚಾಂಗದಲ್ಲಿ ಸೂರ್ಯಾಸ್ತ 6.45 ಎಂದಿದ್ದರೆ ಗುಡ್ಡದ ಬುಡದಲ್ಲಿ ನಿಂತ ಜೋಡಿಗೆ ಅದು 6.15ಕ್ಕೇ ಮುಗಿದಿರಬಹುದು. ಒಂದು ಗಂಟೆ ಸಿಗುತ್ತದೆಂದು ನಂಬಿ ಮದುಮಕ್ಕಳನ್ನು ಕರೆದುಕೊಂಡು ಹೋಗಿ, ಸೀರೆ ಬದಲಿಸುವಷ್ಟರಲ್ಲಿ ಬೆಳಕು ಕಳೆದುಕೊಂಡವರು ಈ ಸಭೆಯಲ್ಲೇ ಇದ್ದಾರೆ. ನಗುತ್ತಿರುವವರು ಯಾರೆಂದು ನನಗೆ ಕಾಣಿಸುತ್ತಿದೆ.

ಹೊರಗಿನಿಂದ ಬಂದ ಇನ್ನೊಂದು ಸೂತ್ರವೆಂದರೆ ಉತ್ತರದ ಬೆಳಕು. ಕೊಪ್ಪಳ, ರಾಯಚೂರುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್ (1844–1905). ವಿದ್ಯುತ್ ದೀಪವಿನ್ನೂ ಕೆಲಸಕ್ಕೆ ಬಾರದ ಆ ಕಾಲದಲ್ಲಿ ಭಾವಚಿತ್ರದ ಸ್ಟುಡಿಯೊ ಎಂದರೆ ಮಾಡಿಗೋ ಗೋಡೆಗೋ ಗಾಜು ಹಾಕಿದ ಕೋಣೆ, ಆ ಗಾಜು ಉತ್ತರಕ್ಕೆ ಮುಖ ಮಾಡಿರಬೇಕೆಂಬುದು ಯುರೋಪಿನಿಂದ ಬಂದ ರೂಢಿ. ಅಲ್ಲಿ ನಡುಹಗಲಿನ ಸೂರ್ಯ ಸದಾ ದಕ್ಷಿಣದಲ್ಲೇ ಇರುವುದರಿಂದ, ಬೇಸಿಗೆಯ ಮುಂಜಾನೆ, ಸಂಜೆಗಳನ್ನು ಬಿಟ್ಟರೆ ಉತ್ತರದ ಕಿಟಕಿಗೆ ನೇರ ಬಿಸಿಲು ಬರುವುದಿಲ್ಲ. ನಮಗೆ ಆ ರೂಢಿ ಅರ್ಧ ವರ್ಷ ಮಾತ್ರ ಸತ್ಯ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ನಮ್ಮ ಉತ್ತರದ ಗೋಡೆಗೆ ಬೆಳಗಿನ ಮತ್ತು ಸಂಜೆಯ ಬಿಸಿಲು ಬೀಳುತ್ತದೆ, ಮೇ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯನೂ ಉತ್ತರಕ್ಕೇ ವಾಲಿರುತ್ತಾನೆ. ಹೀಗಾಗಿ ದಿಕ್ಕನ್ನು ಕಂಠಪಾಠ ಮಾಡಬೇಡಿ. ನೀವು ಚಿತ್ರ ತೆಗೆಯುವ ಊರಿನಲ್ಲಿ, ಆ ತಿಂಗಳಲ್ಲಿ, ಆ ಹೊತ್ತಿನಲ್ಲಿ ಯಾವ ಗೋಡೆಗೆ ಬಿಸಿಲು, ಯಾವ ಗೋಡೆಗೆ ನೆರಳು ಎಂಬುದನ್ನು ಹೋದ ಕೂಡಲೇ ಒಂದು ಸುತ್ತು ಹಾಕಿ ನೋಡಿಕೊಳ್ಳಿ.

ಬಿಸಿಲು ಏಕೆ ಒರಟು ಎಂಬ ಪ್ರಶ್ನೆಗೆ ಅದರ ಪ್ರಖರತೆಯೇ ಕಾರಣವೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಪೂರ್ತಿ ಸರಿಯಲ್ಲ. ನೆಲದಿಂದ ನೋಡಿದರೆ ಸೂರ್ಯನ ಅಗಲ ಅರ್ಧ ಡಿಗ್ರಿ ಮಾತ್ರ. ಕೈ ಚಾಚಿ ಕಿರುಬೆರಳನ್ನು ಹಿಡಿದರೆ ಅದರ ಹಿಂದೆ ಮರೆಯಾಗುವಷ್ಟು. ಬೆಳಕಿನ ಮೂಲ ಅಷ್ಟು ಚಿಕ್ಕದಾದಾಗ ನೆರಳಿನ ಅಂಚು ಕತ್ತರಿಸಿದಂತೆ ಬೀಳುತ್ತದೆ. ಅದೇ ಬಿಸಿಲು ಹತ್ತು ಅಡಿಯ ಒಂದು ಸುಣ್ಣದ ಗೋಡೆಗೆ ಬಿದ್ದು ತಿರುಗಿ ಬಂದರೆ ನಿಮ್ಮ ಎದುರಿಗೆ ನಿಂತವರ ಪಾಲಿಗೆ ಬೆಳಕಿನ ಮೂಲ ಸೂರ್ಯನಲ್ಲ, ಆ ಹತ್ತು ಅಡಿಯ ಗೋಡೆ. ಕೆನ್ನೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಬೆಳಕು ಮೆಲ್ಲಗೆ ಜಾರುತ್ತದೆ. ಬಿಸಿಲಿಗೂ ತೆರೆದ ನೆರಳಿಗೂ, ಅಂದರೆ ಬಿಸಿಲು ತಾಗದೆ ಆಕಾಶಕ್ಕೆ ತೆರೆದಿರುವ ಜಾಗಕ್ಕೂ, ಇರುವ ವ್ಯತ್ಯಾಸ ಸಾಮಾನ್ಯವಾಗಿ ಮೂರು ಸ್ಟಾಪ್; ಒಂದೊಂದು ಸ್ಟಾಪ್ ಇಳಿದಾಗಲೂ ಬೆಳಕು ಅರ್ಧವಾಗುತ್ತದೆ. ಹಳೆಯ ರೀಲಿನ ಡಬ್ಬಿಯ ಮೇಲೆ ಇರುತ್ತಿದ್ದ ಲೆಕ್ಕವನ್ನು ನೆನಪಿಸಿಕೊಳ್ಳಿ: ಐಎಸ್‌ಒ 100 ಇದ್ದಾಗ ಬಿಸಿಲಿನಲ್ಲಿ 1/125 ಸೆಕೆಂಡಿಗೆ ಲೆನ್ಸಿನ ಕಿಂಡಿ ಎಫ್ 16, ತೆರೆದ ನೆರಳಿನಲ್ಲಿ ಎಫ್ 5.6. ಈಗಿನ ಯಾವ ಕ್ಯಾಮೆರಾಕ್ಕೂ ಮೂರು ಸ್ಟಾಪ್ ಒಂದು ಭಾರವೇ ಅಲ್ಲ. ಆದರೂ ನೆರಳಿಗೆ ಬಂದರೆ ಬೆಳಕು ಸಾಲದೆಂಬ ಹಳೆಯ ಭಯ ನಮ್ಮವರನ್ನು ಇನ್ನೂ ಬಿಟ್ಟಿಲ್ಲ.

ಗೋಡೆ ಎಲ್ಲ ಕಡೆ ಇರುವುದಿಲ್ಲ, ನೆಲ ಇದ್ದೇ ಇರುತ್ತದೆ. ಆದ್ದರಿಂದ ನೆಲದ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಏಕೆಂದರೆ ಕೊಪ್ಪಳ, ರಾಯಚೂರು, ಬಳ್ಳಾರಿ ಈ ಮೂರು ಜಿಲ್ಲೆಗಳಲ್ಲಿರುವಷ್ಟು ಬಗೆಬಗೆಯ ನೆಲ ಹತ್ತಿರಹತ್ತಿರದಲ್ಲಿ ಬೇರೆಡೆ ಸಿಗುವುದು ಕಷ್ಟ. ರಾಯಚೂರಿನ, ಬಳ್ಳಾರಿಯ ಎರಿ ಹೊಲದಲ್ಲಿ ನಿಂತು ರೈತನೊಬ್ಬನ ಚಿತ್ರ ತೆಗೆದು ನೋಡಿ. ಆ ಕರಿ ಮಣ್ಣು ಬಿದ್ದ ಬೆಳಕನ್ನೆಲ್ಲ ಕುಡಿದುಬಿಡುತ್ತದೆ, ಮೇಲಕ್ಕೆ ಏನನ್ನೂ ಕೊಡುವುದಿಲ್ಲ. ಮಳೆ ಬಿದ್ದು ಹಸಿಯಾಗಿದ್ದರೆ ಇನ್ನೂ ಕಡಿಮೆ. ಗದ್ದದ ಕೆಳಗೆ, ಕಣ್ಣಿನ ಕೆಳಗೆ ನೆರಳು ಇಳಿದು ಮುಖ ದಣಿದಂತೆ ಕಾಣುತ್ತದೆ. ಅದೇ ಹೊಲದಲ್ಲಿ ಹತ್ತಿ ಬಿಡಿಸಿ ರಾಶಿ ಹಾಕಿದ ದಿನ ಹೋಗಿ. ಬಿಸಿಲಿನಲ್ಲಿರುವ ಆ ರಾಶಿಯ ಮುಂದೆ, ನೆರಳಿನಲ್ಲಿ, ಆ ಮನುಷ್ಯನನ್ನೇ ಕೂರಿಸಿದರೆ ಯಾವ ಕಂಪನಿಯ ರಿಫ್ಲೆಕ್ಟರೂ ಕೊಡದ ಬೆಳಕು ಸಿಗುತ್ತದೆ. ಗಂಗಾವತಿ, ಸಿಂಧನೂರಿನ ಕಡೆ ಕಣದಲ್ಲೋ ರಸ್ತೆಯ ಬದಿಯಲ್ಲೋ ಭತ್ತ ಹರವಿರುತ್ತಾರಲ್ಲ, ಅದರಿಂದ ಏಳುವ ಬೆಳಕಿಗೆ ನಸುಹಳದಿಯ ಬಿಸುಪು ಇರುತ್ತದೆ. ನಮ್ಮ ಮೈಬಣ್ಣಕ್ಕೆ ಅದಕ್ಕಿಂತ ಒಪ್ಪುವ ಬೆಳಕನ್ನು ನಾನು ಕಂಡಿಲ್ಲ. ಮೆಣಸಿನಕಾಯಿ ಒಣಹಾಕಿದ ಬಯಲು ನೋಡಲು ಚೆಂದ, ಹಿನ್ನೆಲೆಗೂ ಚೆಂದ. ಆದರೆ ಅದರ ನಡುವೆ ಕೂರಿಸಿದರೆ ಗದ್ದದ ಕೆಳಗೆ ಕೆಂಪು ಹತ್ತುತ್ತದೆ. ಸಂಡೂರಿನ ಅದಿರಿನ ಮಣ್ಣಿನದೂ ಇದೇ ಕಥೆ, ಅಲ್ಲಿ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಈ ಬಣ್ಣವನ್ನು ಕ್ಯಾಮೆರಾದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ತಿರುಗಿಸಿ ಸರಿಮಾಡಲು ಆಗುವುದಿಲ್ಲ, ಏಕೆಂದರೆ ಹಣೆಗೆ ಬಿದ್ದಿರುವುದು ಆಕಾಶದ ನೀಲಿ, ಗದ್ದಕ್ಕೆ ಬಿದ್ದಿರುವುದು ನೆಲದ ಕೆಂಪು. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ.

ಆನೆಗೊಂದಿಯ ಬಂಡೆಗಳು ನಮ್ಮ ದೊಡ್ಡ ಆಸ್ತಿ. ಗ್ರಾನೈಟಿನ ಮೈ ಒರಟು, ಬಣ್ಣ ಬೂದಿಗೆ ನಸುಗೆಂಪು ಕಲಸಿದಂಥದ್ದು, ಆದ್ದರಿಂದ ಅದು ಬೆಳಕನ್ನು ಮೆದುವಾಗಿ ಹಂಚುತ್ತದೆ. ಎರಡು ದೊಡ್ಡ ಬಂಡೆಗಳ ನಡುವಿನ ಸಂದಿಯಲ್ಲಿ ಒಂದು ನೆರಳಿನಲ್ಲಿದ್ದು ಎದುರಿನದು ಬಿಸಿಲಿನಲ್ಲಿರುವ ಜಾಗ ಹುಡುಕಿದರೆ ನಡುಹಗಲಿನಲ್ಲಿಯೂ ಕೆಲಸ ಮಾಡಬಹುದು. ಸಾಣಾಪುರದ ಕೆರೆಯಲ್ಲಿ ಹರಿಗೋಲಿನ ಮೇಲೆ ಕೂರಿಸಿ ತೆಗೆಯುವುದು ಈಗ ರೂಢಿಯಾಗಿದೆ. ನೀರು ಗೋಡೆಯಂತಲ್ಲ, ಅದು ಕನ್ನಡಿಯಂತೆ ನೇರವಾಗಿ ಹಿಂದಿರುಗಿಸುತ್ತದೆ. ಸೂರ್ಯ ತಗ್ಗಿನಲ್ಲಿದ್ದಷ್ಟೂ ಹೆಚ್ಚಾಗಿ. ಸಂಜೆ ಹೊತ್ತು ಕೆಳಗಿನಿಂದ ಮುಖಕ್ಕೆ ಬೆಳಕು ಕುಣಿಯುತ್ತಾ ಬಂದರೆ ದೊಡ್ಡಾಟದ ರಕ್ಕಸನ ವೇಷಕ್ಕೆ ಫುಟ್‌ಲೈಟ್ ಬಿಟ್ಟಂತೆ ಕಾಣುತ್ತದೆ. ಹರಿಗೋಲನ್ನು ಅರ್ಧ ಸುತ್ತು ತಿರುಗಿಸಲು ಅಂಬಿಗರಿಗೆ ಹೇಳಿದರೆ ಸಾಕು.

ಇಲ್ಲಿ ಒಬ್ಬರು ಕೇಳಬಹುದು: ಕೆಳಗಿನ ಬೆಳಕು ರಕ್ಕಸನ ಬೆಳಕಾದರೆ ನೆಲದ ಬೆಳಕು ಹೇಗೆ ಒಳ್ಳೆಯದಾಯಿತು ಎಂದು. ಸೂರಿನ ಕೆಳಗೆ ನಿಂತು ಹೊರಗೆ ನೋಡುವ ಮುಖಕ್ಕೆ ಎದುರಿನ ಆಕಾಶವೂ ಬೆಳಕು ಕೊಡುತ್ತಿರುತ್ತದೆ, ಅದು ಎದುರಿನಿಂದ, ತುಸು ಮೇಲಿನಿಂದ ಬರುತ್ತದೆ. ಆಕಾರ ಕೊಡುವ ಯಜಮಾನಿಕೆ ಆಕಾಶದ್ದು, ನೆಲ ಅದರ ಹಿಂದೆ ನಿಂತು ನೆರಳನ್ನು ತುಂಬುತ್ತದೆ, ಅಷ್ಟೇ. ರಿಫ್ಲೆಕ್ಟರ್ ಹಿಡಿಯುವ ಹುಡುಗರು ಇದನ್ನು ಮರೆತು ಅದನ್ನು ಮದುಮಗಳ ಮೊಣಕಾಲಿನ ಬಳಿ ಹಿಡಿಯುತ್ತಾರೆ. ಎದೆಯ ಮಟ್ಟಕ್ಕೆ ಎತ್ತಿ, ಒಂದು ಪಕ್ಕಕ್ಕೆ ಸರಿಸಿ ಹಿಡಿಯಲು ಕಲಿಸಿ. ಬೆಳ್ಳಿಬಣ್ಣದ ಬದಿಯನ್ನು ಬಿಟ್ಟು ಬಿಳಿಯ ಬದಿಯನ್ನು ಬಳಸಿ. ಅದೂ ಇಲ್ಲದಿದ್ದರೆ ಥರ್ಮಾಕೋಲ್ ಹಾಳೆ, ಒಗೆದ ಧೋತರ, ಯಾವುದಾದರೂ ಆದೀತು.

ಇನ್ನು ಹೊಸ್ತಿಲಿಗೆ ಬರುತ್ತೇನೆ. ಕಿನ್ನಾಳಕ್ಕೆ ನೀವು ಹೋಗಿದ್ದೀರಿ. ಅಲ್ಲಿಯ ಚಿತ್ರಗಾರರ ಮರದ ಗೊಂಬೆಗಳನ್ನು ನೋಡಿದ್ದೀರಿ. ಒಮ್ಮೆ ಅಂಥ ಒಂದು ಮನೆಯಲ್ಲಿ ಹಿರಿಯರೊಬ್ಬರು ಗೊಂಬೆಗೆ ಕಣ್ಣು ಬರೆಯುತ್ತಿದ್ದರು. ಅವರು ಕೂತದ್ದು ಹೊಸ್ತಿಲಿನ ಒಳಗೆ, ಬಾಗಿಲಿಗೆ ಸ್ವಲ್ಪ ಓರೆಯಾಗಿ, ಕುಂಚ ಹಿಡಿದ ಬಲಗೈಯ ನೆರಳು ಗೊಂಬೆಯ ಮೇಲೆ ಬೀಳದಂತೆ ಎಡಗಡೆಯಿಂದ ಬೆಳಕು ಬರುವ ಹಾಗೆ. ನಾನು ಬುದ್ಧಿವಂತನೆಂದುಕೊಂಡು, ‘ಹೊರಗೆ ಕಟ್ಟೆಯ ಮೇಲೆ ಬನ್ನಿ, ಬೆಳಕು ಹೆಚ್ಚಿದೆ’ ಎಂದು ಕರೆದೆ. ಬಂದರು. ಕಣ್ಣು ಕಿರಿದು ಮಾಡಿಕೊಂಡು ಕೂತರು, ಹಣೆಯ ಗೆರೆಗಳು ಗಂಟಾದವು, ಕುಂಚ ಹಿಡಿದ ಕೈ ಸುಮ್ಮನೆ ನಟಿಸತೊಡಗಿತು. ಹತ್ತು ನಿಮಿಷ ಒದ್ದಾಡಿ, ಮತ್ತೆ ಅವರ ಜಾಗಕ್ಕೇ ಹೋಗಿ ಕೂರಲು ಕೇಳಿಕೊಂಡೆ. ಅವರು ಕೂತ ಕೂಡಲೇ ಮುಖ ಬಿಚ್ಚಿಕೊಂಡಿತು. ಬೀದಿಗೆ ಬಿದ್ದ ಬಿಸಿಲು ಎದುರುಮನೆಯ ಗೋಡೆಯಿಂದ ತಿರುಗಿ ಅವರ ಎಡಗೆನ್ನೆಗೆ ಬರುತ್ತಿತ್ತು, ಬಲಗೆನ್ನೆ ಒಳಮನೆಯ ಕತ್ತಲೆಗೆ ಮೆಲ್ಲಗೆ ಕರಗುತ್ತಿತ್ತು, ಕಣ್ಣಾಲಿಗಳಲ್ಲಿ ಬಾಗಿಲಿನ ಚೌಕಟ್ಟು ಚಿಕ್ಕ ಬೆಳಕಿನ ಕಿಟಕಿಯಾಗಿ ಮಿನುಗುತ್ತಿತ್ತು. ನಮ್ಮ ವೃತ್ತಿಯಲ್ಲಿ ಕ್ಯಾಚ್‌ಲೈಟ್ ಎನ್ನುವುದು ಅದನ್ನೇ; ಅದಿಲ್ಲದ ಕಣ್ಣು ಎಷ್ಟು ಶಾರ್ಪ್ ಇದ್ದರೂ ಗಾಜಿನ ಕಣ್ಣು.

ಅಂದಿನಿಂದ ನಾನು ಯಾವ ಊರಿಗೆ ಹೋದರೂ ಕಣ್ಣಿನ ಕೆಲಸ ಮಾಡುವವರು ಎಲ್ಲಿ ಕೂರುತ್ತಾರೆಂದು ಮೊದಲು ನೋಡುತ್ತೇನೆ. ಅಕ್ಕಸಾಲಿಗರು, ದರ್ಜಿಗಳು, ಹೂ ಕಟ್ಟುವವರು, ಕೌದಿ ಹೊಲಿಯುವವರು, ಇವರೆಲ್ಲ ಲೈಟ್ ಮೀಟರ್ ಇಲ್ಲದೆ ಸರಿಯಾದ ಜಾಗವನ್ನು ಹಿಡಿದಿರುತ್ತಾರೆ. ನೀವು ಮಾಡಬೇಕಾದದ್ದು ಅಂತರವನ್ನು ಹೊಂದಿಸುವುದು ಮಾತ್ರ. ನೆರಳಿನ ಗೆರೆಗೆ ತಾಗಿ ನಿಲ್ಲಿಸಿದರೆ ಮೇಲಿನ ಆಕಾಶವೂ ತಲೆಯ ಮೇಲೆ ಇಳಿಯುತ್ತದೆ, ಕೂದಲು ಹೊಳೆದು ಕಣ್ಣು ಮಂಕಾಗುತ್ತದೆ. ಎರಡು ಹೆಜ್ಜೆ ಒಳಗೆ ಬಂದರೆ ಸೂರು ಆ ಮೇಲಿನ ಬೆಳಕನ್ನು ಕತ್ತರಿಸಿ ಎದುರಿನದನ್ನು ಮಾತ್ರ ಉಳಿಸುತ್ತದೆ. ನಾಲ್ಕೈದು ಹೆಜ್ಜೆ ಒಳಗೆ ಹೋದರೆ ನಾಟಕೀಯವಾದ ಗಾಢ ನೆರಳು, ಬೇಕೆನಿಸಿದವರು ಅದನ್ನೂ ಬಳಸಬಹುದು. ಹಿನ್ನೆಲೆಯಲ್ಲಿ ಬಿಸಿಲಿನ ತುಣುಕು ಇಣುಕದಂತೆ ನೋಡಿಕೊಳ್ಳಿ, ಹಿತ್ತಲಿನ ಬಾಗಿಲು ತೆರೆದಿದ್ದರೆ ಮುಚ್ಚಿಸಿ.

ಮರದ ನೆರಳಿನ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಬೇವು, ಜಾಲಿಯ ನೆರಳು ತೂತು ನೆರಳು. ಎಲೆಗಳ ಸಂದಿಯಿಂದ ಬೀಳುವ ಆ ದುಂಡು ಚುಕ್ಕೆಗಳು ಒಂದೊಂದೂ ಸೂರ್ಯನ ಬಿಂಬವೇ. 2019ರ ಡಿಸೆಂಬರ್ 26ರ ಗ್ರಹಣದ ಬೆಳಗ್ಗೆ ಅವೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದನ್ನು ಕೆಲವರು ನೋಡಿರಬಹುದು. ಕೆನ್ನೆಯ ಮೇಲೆ ಒಂದು ಸೂರ್ಯ, ಮೂಗಿನ ಮೇಲೆ ಇನ್ನೊಂದು ಸೂರ್ಯ ಇದ್ದರೆ ಯಾವ ಎಡಿಟಿಂಗೂ ಉಳಿಸದು. ಹುಣಸೆ, ಆಲದ ದಟ್ಟ ನೆರಳಿನ ಅಂಚಿಗೆ ಕರೆದುಕೊಂಡು ಹೋಗಿ. ಬಾಳೆತೋಟದ ನಡುವೆ ಪ್ರೀ ವೆಡ್ಡಿಂಗ್ ಮಾಡುವವರು ಎಲೆಯ ಮೂಲಕ ಸೋಸಿ ಬಂದ ಬೆಳಕು ಹಸಿರಾಗಿರುತ್ತದೆಂಬುದನ್ನು ನೆನಪಿಡಿ. ತೋಟದ ಅಂಚಿನಲ್ಲಿ ಹೊರಗೆ ನೋಡುತ್ತಾ ನಿಲ್ಲಿಸಿದರೆ ಹಸಿರು ಹಿನ್ನೆಲೆಯಲ್ಲಿ ಉಳಿಯುತ್ತದೆ, ಮುಖಕ್ಕೆ ಹತ್ತುವುದಿಲ್ಲ.

ಶಾಮಿಯಾನದ ಬಗ್ಗೆ ನನ್ನದೊಂದು ಹಳೆಯ ತಕರಾರಿದೆ. ಕೆಂಪು, ಹಳದಿ ಪಟ್ಟೆಯ ಬಟ್ಟೆಯನ್ನು ಮೇಲೆ ಕಟ್ಟಿ, ಅದರ ಕೆಳಗೆ ಬಂದ ನೂರು ಮಂದಿಯನ್ನು ಕುಂಕುಮದಲ್ಲಿ ಅದ್ದಿದಂತೆ ಮಾಡಿ, ಆಮೇಲೆ ‘ಫೋಟೊದಲ್ಲಿ ಬಣ್ಣ ಸರಿ ಬಂದಿಲ್ಲ’ ಎಂದು ನಮಗೆ ಹಣ ಹಿಡಿಯುತ್ತಾರೆ. ಮುಂಗಡ ಪಡೆಯುವಾಗಲೇ ಮನೆಯವರಿಗೆ, ವೇದಿಕೆಯ ಮೇಲಾದರೂ ಬಿಳಿ ಬಟ್ಟೆ ಕಟ್ಟಿಸಿ ಎಂದು ಹೇಳಿಬಿಡಿ. ಬಿಳಿ ಬಟ್ಟೆ ಹಾಕಿದ ಶಾಮಿಯಾನವೆಂದರೆ ಬೆಳಕನ್ನು ಮೆದುಮಾಡುವ ಮೂವತ್ತು ಅಡಿಯ ಡಿಫ್ಯೂಸರ್, ಅದೂ ಗಂಡಿನವರ ಖರ್ಚಿನಲ್ಲಿ.

ಇವತ್ತಿನಂತೆ ಮೋಡ ಮುಚ್ಚಿದ ದಿನ ಎಲ್ಲಿ ನಿಂತರೂ ಒಂದೇ ಎಂಬ ನಂಬಿಕೆಯೂ ತಪ್ಪು. ದಟ್ಟವಾಗಿ ಮೋಡ ಕವಿದ ಆಕಾಶ ಎಲ್ಲ ಕಡೆ ಸಮನಾಗಿ ಬೆಳಗುವುದಿಲ್ಲ. ನೆತ್ತಿಯ ಮೇಲಿನ ಭಾಗ ದಿಗಂತದ ಅಂಚಿಗಿಂತ ಸುಮಾರು ಮೂರು ಪಟ್ಟು ಪ್ರಕಾಶಮಾನವಾಗಿರುತ್ತದೆ. ಆದ್ದರಿಂದ ಮೋಡದ ದಿನವೂ ಬಯಲಿನಲ್ಲಿ ನಿಂತವರ ಕಣ್ಣು ಕುಳಿಯೇ, ಅಂಚು ಮಾತ್ರ ಮೆತ್ತಗಿರುತ್ತದೆ. ಮೇಲಿನ ಬೆಳಕನ್ನು ಕತ್ತರಿಸಲು ಒಂದು ಕಪ್ಪು ಕೊಡೆ ಸಾಕು. ಚೌಕಟ್ಟಿನ ಹೊರಗೆ, ತಲೆಯ ಮೇಲೆ ತುಸು ಮುಂದಕ್ಕೆ ಅದನ್ನು ಹಿಡಿಸಿ ಒಮ್ಮೆ, ಹಿಡಿಸದೆ ಒಮ್ಮೆ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಣ್ಣು ತೆರೆದುಕೊಂಡದ್ದು ನಿಮಗೇ ತಿಳಿಯುತ್ತದೆ. ಬೆಳಕು ಸೇರಿಸುವುದಕ್ಕೆ ಖರ್ಚು ಮಾಡುವ ನಾವು ಕಳೆಯುವುದರ ಬಗ್ಗೆ ಯೋಚಿಸುವುದೇ ಇಲ್ಲ.

ಬಯಲಿನಲ್ಲಿ ಸೂರು, ಮರ, ಬಂಡೆ ಯಾವುದೂ ಇಲ್ಲದಿದ್ದರೆ ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲಿಸಿ. ಆಗ ಆ ಮನುಷ್ಯನ ಮೈಯೇ ಅವನ ಮುಖಕ್ಕೆ ಸೂರು. ಕೂದಲಿಗೆ, ಭುಜಕ್ಕೆ ಬೆಳಕಿನ ಅಂಚು ಸಿಗುತ್ತದೆ, ಮುಖ ಎದುರಿನ ನೆಲಕ್ಕೂ ಆಕಾಶಕ್ಕೂ ತೆರೆದಿರುತ್ತದೆ. ಹಿಂದಿನ ಬೆಳಕಿಗೆ ಮೋಸಹೋಗಿ ಕ್ಯಾಮೆರಾ ಮುಖವನ್ನು ಕಪ್ಪಾಗಿಸುವುದರಿಂದ ಎಕ್ಸ್‌ಪೋಷರನ್ನು ಒಂದರಿಂದ ಒಂದೂವರೆ ಸ್ಟಾಪ್ ಏರಿಸಬೇಕು. ಮೊಬೈಲಿನಲ್ಲಾದರೆ ಮುಖದ ಮೇಲೆ ಬೆರಳಿಟ್ಟು ಮೇಲಕ್ಕೆ ಸರಿಸಬೇಕು. ಲೆನ್ಸಿಗೆ ನೇರ ಬಿಸಿಲು ತಾಗಿ ಚಿತ್ರ ಹಾಲಿನಂತೆ ಮಸುಕಾದರೆ ಹುಡ್ ಹಾಕಿ, ಅದಿಲ್ಲದಿದ್ದರೆ ಗೆಳೆಯನ ಅಂಗೈಯನ್ನು ಅಡ್ಡ ಹಿಡಿಸಿ.

ಎಕ್ಸ್‌ಪೋಷರ್ ಎಂದಾಗ ಮೈಬಣ್ಣದ ಮಾತು ಬಂದೇ ಬರುತ್ತದೆ. ಕ್ಯಾಮೆರಾಕ್ಕೆ ಲೋಕವೆಲ್ಲ ಮಧ್ಯಮ ಬೂದು. ಕರಿ ಕಂಬಳಿ ಹೊದ್ದ ಕುರಿಗಾಹಿಯನ್ನು ತೋರಿಸಿದರೆ ಅದು ಕಂಬಳಿಯನ್ನು ಬೂದು ಮಾಡಲು ಹೋಗಿ ಮುಖವನ್ನು ಸುಣ್ಣ ಮಾಡುತ್ತದೆ. ಬಿಳಿ ಧೋತರ, ಬಿಳಿ ರುಮಾಲಿನ ಗೌಡರನ್ನು ತೋರಿಸಿದರೆ ಮುಖವನ್ನು ಇದ್ದಿಲು ಮಾಡುತ್ತದೆ. ನಾನು ಪಾಲಿಸುವ ಉಪಾಯ ಅಂಗೈಯದ್ದು. ಮೈ ಎಷ್ಟೇ ಕಪ್ಪಿರಲಿ, ಬಿಳುಪಿರಲಿ, ನಮ್ಮೆಲ್ಲರ ಅಂಗೈ ಬಹುಮಟ್ಟಿಗೆ ಒಂದೇ, ಮಧ್ಯಮ ಬೂದಿಗಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗಿರುತ್ತದೆ. ಚಿತ್ರ ತೆಗೆಸಿಕೊಳ್ಳುವವರ ಮುಖವಿರುವ ಬೆಳಕಿನಲ್ಲೇ ಅಂಗೈಯನ್ನು, ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿನಿಂದ ಅಳೆದು, ಒಂದು ಸ್ಟಾಪ್ ಹೆಚ್ಚಿಸಿ ಮ್ಯಾನ್ಯುಯಲ್‌ನಲ್ಲಿ ನಿಲ್ಲಿಸಿಬಿಡಿ. ಬೆಳಕು ಬದಲಾಗುವವರೆಗೆ ಅದನ್ನು ಮುಟ್ಟಬೇಡಿ. ಇಷ್ಟಾದ ಮೇಲೆ ಕಪ್ಪು ಮುಖ ಕಪ್ಪಾಗಿಯೇ ಬರುತ್ತದೆ, ಬರಬೇಕು. ಆಲ್ಬಮ್ಮಿನಲ್ಲಿ ಮದುಮಗಳನ್ನು ಮೂರು ಬಣ್ಣ ತಿಳಿಯಾಗಿಸಿ ಕೊಡುವ ನಮ್ಮ ವೃತ್ತಿಯ ಚಾಳಿಯನ್ನು ನಾನು ಒಪ್ಪುವುದಿಲ್ಲ. ಗಿರಾಕಿಯೇ ಕೇಳುತ್ತಾನೆಂಬ ನಿಮ್ಮ ಉತ್ತರ ನನಗೆ ಗೊತ್ತು. ಆದರೆ ಕಪ್ಪು ಚರ್ಮದ ಸೊಗಸು ಇರುವುದು ಅದರ ಹೊಳಪಿನಲ್ಲಿ. ದೊಡ್ಡ ಗೋಡೆಯ ಬೆಳಕಿನಲ್ಲಿ ಕೆನ್ನೆಯ ಏಣಿನ ಮೇಲೆ, ಮೂಗಿನ ಬೆನ್ನಿನ ಮೇಲೆ ಒಂದು ಅಗಲವಾದ ಮೆದು ಹೊಳಪು ಮೂಡುತ್ತದೆ, ಆಕಾರವನ್ನು ತಿದ್ದುವುದು ಅದೇ. ಬಣ್ಣ ತಿಳಿಮಾಡಿದೊಡನೆ ಮೊದಲು ಸಾಯುವುದೂ ಅದೇ.

ಸಂಡೂರಿನ ಕಡೆಯ ಲಂಬಾಣಿ ಉಡುಪಿನಲ್ಲಿ ಈ ಮಾತು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಕಸೂತಿಯಲ್ಲಿ ಹೊಲಿದ ಕನ್ನಡಿಚೂರುಗಳ ಮೇಲೆ ನೇರ ಬಿಸಿಲು ಬಿದ್ದರೆ ಒಂದೆರಡು ಚೂರು ಕಣ್ಣು ಕುಕ್ಕುತ್ತವೆ, ಉಳಿದವು ಕಪ್ಪಾಗಿ ಸತ್ತಿರುತ್ತವೆ, ಗದ್ದದ ಮೇಲೆ ಬೆಳಕಿನ ಚುಕ್ಕೆಗಳು ಚೆಲ್ಲಾಡುತ್ತವೆ. ಅದೇ ಹೆಣ್ಣುಮಗಳನ್ನು ಸೂರಿನ ಕೆಳಗೆ, ಬಿಸಿಲು ಬಿದ್ದ ಅಂಗಳಕ್ಕೆ ಎದುರಾಗಿ ನಿಲ್ಲಿಸಿದರೆ ಬಹುಪಾಲು ಚೂರುಗಳಲ್ಲಿ ಆ ಅಂಗಳದ, ಆಕಾಶದ ತುಣುಕು ಕೂತುಕೊಳ್ಳುತ್ತದೆ. ಮುಖ ಏನನ್ನು ನೋಡುತ್ತಿದೆ ಎಂಬುದಕ್ಕೆ ಆ ಉಡುಪು ಸಾಕ್ಷಿ ಹೇಳುತ್ತದೆ.

ಈಗ 4.30 ಆಗಿದೆ. ನಾನು ಮಾತಾಡುತ್ತಿದ್ದಾಗ ಮೋಡ ಹರಿದು ಬಿಸಿಲು ಬಂದಿದೆ. ಸೂರ್ಯ 32 ಡಿಗ್ರಿಯ ಆಸುಪಾಸಿನಲ್ಲಿ ಪಶ್ಚಿಮಕ್ಕಿದ್ದಾನೆ, ಆದ್ದರಿಂದ ಈ ಕಟ್ಟಡದ ಪೂರ್ವದ ಮೆಟ್ಟಿಲುಗಳು ನೆರಳಿನಲ್ಲಿವೆ, ಅವುಗಳ ಎದುರಿನ ಸುಣ್ಣದ ಕಾಂಪೌಂಡ್ ಗೋಡೆಗೆ ನೇರ ಬಿಸಿಲು ಬೀಳುತ್ತಿದೆ. ಕಟ್ಟಡದ ನೆರಳು ಅಂಗಳವನ್ನು ದಾಟಿ ಆ ಗೋಡೆಯನ್ನು ಏರತೊಡಗುವ ಮುನ್ನ ನಮಗಿರುವುದು ಸ್ವಲ್ಪವೇ ಹೊತ್ತು. ಕ್ಯಾಮೆರಾ ಇದ್ದವರು ಕ್ಯಾಮೆರಾ, ಇಲ್ಲದವರು ಮೊಬೈಲು ತೆಗೆದುಕೊಂಡು ಹೊರಗೆ ಬನ್ನಿ. ನಮಗೆಲ್ಲ ಚಹಾ ಮಾಡಿಕೊಟ್ಟ ಅಜ್ಜಿ ಆಗಲೇ ಮೂರನೆಯ ಮೆಟ್ಟಿಲಿನ ಮೇಲೆ, ಗೋಡೆಯ ಕಡೆಗೆ ಮುಖ ಮಾಡಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಾರೆ. ಅವರನ್ನು ಕೇಳಿ, ಒಪ್ಪಿದರೆ ಅವರಿಂದಲೇ ಆರಂಭಿಸೋಣ. ಅವರು ಕೂತ ಜಾಗವನ್ನು ಮಾತ್ರ ಬದಲಿಸಬೇಡಿ.